ಸ್ಪೀಕರ್ ಅರ್ಧ, ಕೋಣೆ ಅರ್ಧ

ದೊಡ್ಡ ಟೀವಿ ಈಗ ಮನೆಮನೆಯಲ್ಲೂ ಇದೆ. ಒಳ್ಳೆಯ ಕ್ಯಾಮೆರಾ ಜೇಬಿಗೇ ಬಂದಿದೆ. ಆದರೆ ಹಾಡು ಕೇಳುವುದಕ್ಕೆಂದೇ ಒಂದು ಜೋಡಿ ಉತ್ತಮ ಸ್ಪೀಕರ್, ಅದಕ್ಕೆ ತಕ್ಕ ಆಂಪ್ಲಿಫೈಯರ್ ಇಟ್ಟುಕೊಂಡವರ ಮನೆಯನ್ನು ಹುಡುಕಿಕೊಂಡೇ ಹೋಗಬೇಕು. ಸಂಗೀತವೆಂದರೆ ಪ್ರಾಣ ಬಿಡುವವರೂ ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲೇ ಕೇಳುತ್ತಾರೆ. ಬೆಲೆ ಜಾಸ್ತಿ ಎನ್ನುವುದು ಸುಲಭದ ಉತ್ತರ. ಒಳ್ಳೆಯದೊಂದು ಜೋಡಿ ಸ್ಪೀಕರಿಗಿಂತ ದುಬಾರಿಯಾದ ಫೋನುಗಳನ್ನು ನಾವು ಯೋಚಿಸದೆ ಕೊಳ್ಳುತ್ತೇವೆ ಎಂಬುದನ್ನು ಆ ಉತ್ತರ ಮರೆಯುತ್ತದೆ. ನನಗೆ ಕಾಣುವ ಕಾರಣ ಬೇರೆ. ಸ್ಪೀಕರ್ ಎಂಬ ಯಂತ್ರ ತನ್ನ ಪೆಟ್ಟಿಗೆಯೊಳಗೆ ಮುಗಿಯುವುದಿಲ್ಲ. ಅದರ ಉಳಿದರ್ಧ ನಮ್ಮ ಗೋಡೆ, ನೆಲ, ಸೂರು. ಆ ಅರ್ಧ ಅಂಗಡಿಯಲ್ಲಿ ಸಿಗುವುದಿಲ್ಲ.

ಯಂತ್ರವಾಗಿ ಸ್ಪೀಕರ್ ಬಹಳ ಸರಳ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ಕಾಗದದ ಶಂಕು, ಅದರ ಬುಡಕ್ಕೆ ಅಂಟಿಸಿದ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಹಾಡು ವಿದ್ಯುತ್ತಾಗಿ ಸುರುಳಿಯಲ್ಲಿ ಹರಿದಾಗ ಸುರುಳಿ ಹಿಂದೆ ಮುಂದೆ ಆಡುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ಮನೆಬಳಕೆಯ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಸದ್ದಾಗಿ ಹೊರಬರುವುದು ಸುಮಾರು ನೂರಕ್ಕೆ ಒಂದು ಪಾಲು. ಉಳಿದದ್ದೆಲ್ಲ ಶಾಖ.

ಕಷ್ಟ ಶುರುವಾಗುವುದು ಕೆಳಗಿನ ಸ್ವರಗಳಲ್ಲಿ. ಅದೇ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಶಂಕು ನಾಲ್ಕು ಪಟ್ಟು ದೂರ ಆಡಬೇಕು. ಪುಟ್ಟ ಶಂಕು ಅಷ್ಟು ಆಡಲಾರದು. ಕೆಎಲ್‌ಎಚ್ ಸ್ಪೀಕರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ: ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಕಂಪ್ಯೂಟರ್ ಚಿಪ್ಪು ವರ್ಷವರ್ಷ ಚಿಕ್ಕದಾಗುತ್ತ ಬಂತು. ಗಾಳಿಯನ್ನು ತಳ್ಳುವ ಕೆಲಸಕ್ಕೆ ಅಂಥ ಯೋಗವಿಲ್ಲ.

ಹಾಗಾದರೆ ಪುಟ್ಟ ಸ್ಪೀಕರಿನಲ್ಲಿ ಹಾಡು ಹಾಡಿನಂತೆ ಕೇಳುವುದು ಹೇಗೆ? ನಮ್ಮ ಮೆದುಳಿನ ಔದಾರ್ಯದಿಂದ. ಹಳೆಯ ಟೆಲಿಫೋನ್ ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಗಂಡಸಿನ ದನಿಯ ಮೂಲ ಕಂಪನ ಸುಮಾರು 120 ಹರ್ಟ್ಸ್, ಅಂದರೆ ಅದು ತಂತಿಯ ಮೇಲೆ ಬರುತ್ತಲೇ ಇರಲಿಲ್ಲ. ಆದರೂ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತು. ಮೇಲಿನ ಉಪಸ್ವರಗಳ ಅಂತರವನ್ನು ಹಿಡಿದು, ಇಲ್ಲದ ಮೂಲಸ್ವರವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ದುಬಾರಿ ಸ್ಪೀಕರುಗಳ ಮಾರುಕಟ್ಟೆ ಚಿಕ್ಕದಾಗಿಯೇ ಉಳಿಯಲು ಈ ವರ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಹಾಡಿನ ಅರ್ಥ, ರಾಗ, ತಾಳ ಎಲ್ಲವೂ ಅಗ್ಗದ ಡಬ್ಬಿಯಲ್ಲೂ ದಾಟಿ ಬರುತ್ತವೆ.

ದಾಟಿ ಬಾರದ್ದೇನು ಎಂದು ತಿಳಿಯಲು ಮೃದಂಗ ಕೇಳಬೇಕು. ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ನಮ್ಮ ಚರ್ಮವಾದ್ಯಗಳ ಮೇಲೆ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಸಾಮಾನ್ಯ ಡೋಲಿನ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ನಡುವೆ ಹಚ್ಚಿದ ಕಪ್ಪು ಲೇಪ ಚರ್ಮಕ್ಕೆ ತೂಕ ಕೊಟ್ಟು ಅವನ್ನು ತಂತಿವಾದ್ಯದ ಹಾಗೆ ಶ್ರುತಿಬದ್ಧವಾಗಿಸುತ್ತದೆ ಎಂದು ಅವರು ತೋರಿಸಿದರು. ಅಂದರೆ ಮೃದಂಗದ ವ್ಯಕ್ತಿತ್ವ ಇರುವುದೇ ಉಪಸ್ವರಗಳ ಪ್ರಮಾಣದಲ್ಲಿ. ಎಡಗೈಯ ಗುಂಕಿ ಕೆಳಗೆ ತೂಗುತ್ತಿರುವಾಗಲೇ ಬಲಗೈಯ ಪೆಟ್ಟು ಮೇಲೆ ಸಿಡಿಯುತ್ತದೆ. ಒಂದು ಕೆಳಸ್ವರದ ದೊಡ್ಡ ಶಂಕಾದ ವೂಫರಿನ ಕೆಲಸ, ಇನ್ನೊಂದು ಮೇಲ್ಸ್ವರದ ಪುಟ್ಟ ಟ್ವೀಟರಿನದು. ಇಬ್ಬರ ನಡುವೆ ಸದ್ದನ್ನು ಹಂಚುವ ಕ್ರಾಸ್‌ಓವರ್ ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಸ್ ಆಸುಪಾಸಿನಲ್ಲಿ ಕೂತಿರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅಲ್ಲೇ. ಈ ಹಂಚಿಕೆ ಹದವಾಗಿರುವ ಸ್ಪೀಕರಿನಲ್ಲಿ ಚರ್ಮ, ಬೆರಳು, ಮರದ ಹೊಟ್ಟೆ ಮೂರೂ ಬೇರೆಬೇರೆಯಾಗಿ ಕೇಳಿ ಒಂದೇ ವಾದ್ಯವಾಗಿ ಕೂಡುತ್ತವೆ. ಆ ಅನುಭವಕ್ಕೆ ಸಮನಾದದ್ದು ಕಚೇರಿಯ ಮುಂದಿನ ಸಾಲು ಮಾತ್ರ.

ಈಗ ಆ ಉಳಿದರ್ಧಕ್ಕೆ ಬರೋಣ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸಿನ ಅಲೆಯ ಅರ್ಧ ಸರಿಯಾಗಿ ಗೋಡೆಯಿಂದ ಗೋಡೆಗೆ ಹಿಡಿಸುತ್ತದೆ. ತುಂಬಿದ ಕೊಪ್ಪರಿಗೆಯಲ್ಲಿ ನೀರು ಅಂಚಿನಿಂದ ಅಂಚಿಗೆ ತುಳುಕುವಂತೆ ಆ ಸ್ವರ ಕೋಣೆಯೊಳಗೆ ತುಳುಕುತ್ತ ನಿಲ್ಲುತ್ತದೆ. ಗೋಡೆಯ ಬಳಿ ಅದು ಉಬ್ಬಿ ಕೇಳುತ್ತದೆ, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಮಾಯ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಮಿಡಿಯುವುದು 41 ಹರ್ಟ್ಸಿನಲ್ಲಿ. ಸಿನಿಮಾ ಹಾಡಿನಲ್ಲಿ ಒಂದು ಸ್ವರ ಮಾತ್ರ ಗುಂಯ್ ಎಂದು ಕೋಣೆ ತುಂಬಿ, ಪಕ್ಕದ ಸ್ವರ ಸೊರಗಿದರೆ ತಪ್ಪು ಕೋಣೆಯ ಅಳತೆಯದು. ಲಕ್ಷಗಟ್ಟಲೆ ಕೊಟ್ಟು ಸ್ಪೀಕರ್ ಬದಲಿಸಿದರೂ ಅಳತೆ ಅದೇ.

ಮೇಲಿನ ಸ್ವರಗಳಿಗೆ ಇನ್ನೊಂದು ಕಾಟ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಭವನದಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಒಂದು ಸದ್ದು ಅಡಗಲು ಐದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ಯುವ ಅಧ್ಯಾಪಕ ವ್ಯಾಲೇಸ್ ಸಬೀನರ ಪಾಲಿಗೆ ಬಂತು. ಅವರು ರಾತ್ರಿಯ ಹೊತ್ತು ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಕಾಲವನ್ನು ಅಳೆದರು. ಹಾಗೆ ಹುಟ್ಟಿದ ಸೂತ್ರವನ್ನೇ ನಾವು ಈಗಲೂ ಬಳಸುತ್ತೇವೆ. ನಮ್ಮ ಗಾರೆಯ ಗೋಡೆ, ಟೈಲ್ಸ್ ನೆಲ, ಆರ್‌ಸಿಸಿ ಸೂರು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ 97ರಷ್ಟನ್ನು ಹಿಂದಕ್ಕೆ ಎಸೆಯುತ್ತವೆ. ನಾಲ್ಕು ಮೀಟರ್ ಚೌಕದ, ಮೂರು ಮೀಟರ್ ಎತ್ತರದ ಬರಿಯ ಕೋಣೆಗೆ ಸಬೀನರ ಸೂತ್ರ ಹಾಕಿದರೆ ಸದ್ದು ಅಡಗುವ ಕಾಲ ಮೂರು ಸೆಕೆಂಡ್ ಮೀರುತ್ತದೆ. ಮನೆಯಲ್ಲಿ ಸಂಗೀತ ಸ್ಪಷ್ಟವಾಗಿ ಕೇಳಲು ಅದು ಅರ್ಧ ಸೆಕೆಂಡಿನ ಒಳಗಿರಬೇಕು. ಬಿಸಿಲನಾಡಿನ ಮನೆ ತಂಪಾಗಿರಲಿ, ಒರೆಸಲು ಸುಲಭವಾಗಲಿ ಎಂದು ನಾವು ಮಾಡಿಕೊಂಡದ್ದೆಲ್ಲ ಸ್ಪೀಕರಿಗೆ ಪ್ರತಿಕೂಲ. ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಕಪಾಟು ಇವೆಲ್ಲ ಕೆಲಸ ಮಾಡುತ್ತವೆ. ದುಬಾರಿ ಕೇಬಲ್ಲಿಗಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತವೆ. ಸಾಕಷ್ಟು ದಪ್ಪದ ತಾಮ್ರದ ತಂತಿ ಇದ್ದರೆ ಕೇಬಲ್ಲಿನ ಚಿಂತೆಯೇ ಬೇಡ.

ಹಣ ಎಲ್ಲಿಯವರೆಗೆ ಸದ್ದಾಗುತ್ತದೆ ಎಂಬುದನ್ನೂ ಅಳೆದಿದ್ದಾರೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಸೀಡಿಗಿಂತ ಮೇಲ್ದರ್ಜೆಯ ಧ್ವನಿಮುದ್ರಣವನ್ನೂ, ಅದನ್ನೇ ಸೀಡಿಯ ಮಟ್ಟಕ್ಕೆ ಇಳಿಸಿದ್ದನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿದ ಪ್ರಶ್ನೆಗೆ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಇತ್ತ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಪರೀಕ್ಷಿಸಿದಾಗ ಕೇಳುಗರ ಆಯ್ಕೆ ಬಹುಮಟ್ಟಿಗೆ ಒಂದೇ ಕಡೆ ವಾಲಿತು. ನೇರ ಮುಂದಕ್ಕೆ ಸಮತಟ್ಟಾದ ಸದ್ದು ಕೊಟ್ಟು, ಪಕ್ಕಗಳಿಗೂ ಅದೇ ಗುಣದ ಸದ್ದನ್ನು ಬೀರುವ ಸ್ಪೀಕರ್ ಗೆಲ್ಲುತ್ತಿತ್ತು. ಪಕ್ಕಕ್ಕೆ ಹೋದದ್ದು ಗೋಡೆಗೆ ಬಡಿದು ಕಿವಿಗೇ ಮರಳುತ್ತದಲ್ಲ! ಆದ್ದರಿಂದ ಖರ್ಚು ಮಾಡುವವರು ಸ್ಪೀಕರಿಗೇ ಮಾಡಲಿ ಎನ್ನುತ್ತೇನೆ.

ಇಷ್ಟೆಲ್ಲ ಆದ ಮೇಲೂ ಸ್ಟೀರಿಯೊ ಒಂದು ಕುರ್ಚಿಯ ಕಲೆ. ಗಾಯಕಿ ಎರಡು ಸ್ಪೀಕರಿನ ನಡುವೆ ನಿಂತಂತೆ ಅನಿಸಬೇಕಾದರೆ ಎರಡರಿಂದಲೂ ಸದ್ದು ಒಟ್ಟಿಗೇ ಕಿವಿಗೆ ತಲುಪಬೇಕು. ಕೇಳುಗ ಪಕ್ಕಕ್ಕೆ ಸರಿದು ಒಂದು ಸ್ಪೀಕರ್ ಒಂದಡಿಯಷ್ಟು ಹತ್ತಿರವಾದರೆ ಸಾಕು, ಸದ್ದು ಇನ್ನೊಂದಕ್ಕಿಂತ ಸುಮಾರು ಒಂದು ಮಿಲಿಸೆಕೆಂಡ್ ಮೊದಲೇ ಬಂದು, ಗಾಯಕಿ ಆ ಪೆಟ್ಟಿಗೆಯೊಳಗೆ ಸೇರಿಬಿಡುತ್ತಾಳೆ. ಐದು ಜನರ ಮನೆಯಲ್ಲಿ ಈ ಸದ್ದಿನ ಚಿತ್ರ ಪೂರ್ತಿ ಕಾಣುವುದು ಒಬ್ಬರಿಗೆ. ಮಿಕ್ಕವರಿಗೆ ಅದು ಜಾಗ ತಿನ್ನುವ ಎರಡು ಪೆಟ್ಟಿಗೆ. ಕೆಳಗಿನ ಮನೆಯವರಿಗೆ ಡುಂ ಡುಂ ಮಾತ್ರ, ಏಕೆಂದರೆ ನೆಲ, ಗೋಡೆಗಳು ತೀಕ್ಷ್ಣ ಸ್ವರವನ್ನು ತಡೆದು ಬೇಸನ್ನು ಬಿಟ್ಟುಕೊಡುತ್ತವೆ. ಹೆಡ್‌ಫೋನ್ ಈ ಎಲ್ಲ ತಂಟೆಯನ್ನೂ ಒಂದೇ ಏಟಿಗೆ ಬಿಡಿಸುತ್ತದೆ. ಸಂಗೀತ ಎದುರಿನ ಗಾಳಿಯಲ್ಲಿ ನಿಲ್ಲದೆ ತಲೆಯೊಳಗೆ ಕೂರುವುದನ್ನು ಬಹಳ ಜನ ಸಂತೋಷದಿಂದ ಒಪ್ಪಿಕೊಂಡಿದ್ದಾರೆ.

ಈಗಿನ ಆಂಪ್ಲಿಫೈಯರುಗಳಲ್ಲಿ ಮೈಕ್ ಇಟ್ಟು ಕೋಣೆಯನ್ನು ಅಳೆದು, ಉಬ್ಬಿದ ಸ್ವರಗಳನ್ನು ತಗ್ಗಿಸುವ ತಂತ್ರಾಂಶ ಬರುತ್ತದೆ. ನಿಜಕ್ಕೂ ಉಪಯುಕ್ತ. ಆದರೆ ಅಲೆಗಳು ಒಂದನ್ನೊಂದು ಅಳಿಸಿಕೊಂಡ ಜಾಗದಲ್ಲಿ ಎಷ್ಟು ವಾಟ್ ಸುರಿದರೂ ಅಷ್ಟೂ ಅಳಿಸಿಹೋಗುತ್ತದೆ. ಅಲ್ಲಿ ಇರುವ ಪರಿಹಾರ ಆಸನವನ್ನು ಸರಿಸುವುದು. ಗೋಡೆಗೆ ಒರಗಿದ ಸೋಫಾವನ್ನು ಮೀಟರಿನಷ್ಟು ಮುಂದೆ ಎಳೆದು ಕೂತು ಕೇಳಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ, ಅದಕ್ಕೆ ಖರ್ಚೂ ಇಲ್ಲ. ಹತ್ತು ಹದಿಮೂರರ ಹಾಲ್‌ನಲ್ಲಿ ಹಾಗೆ ಎಳೆದರೆ ಅಡುಗೆಮನೆಗೆ ಹೋಗುವ ದಾರಿ ಮುಚ್ಚುತ್ತದೆ.