ಮೈ ಮರೆಯದ ಭಯ

ಅಪಘಾತವಾಗಿ ವರ್ಷ ಕಳೆದಿದೆ. ಮುರಿದ ಮೂಳೆಯೂ ಕೂಡಿದೆ. ಆದರೂ ಲಾರಿಯ ಹಾರ್ನ್ ಕೇಳಿದೊಡನೆ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ರಾತ್ರಿ ನಿದ್ರೆ ಹತ್ತುವುದಿಲ್ಲ. "ಆದದ್ದು ಆಗಿಹೋಯಿತು, ಮರೆತುಬಿಡು" ಎನ್ನುತ್ತಾರೆ ಮನೆಯವರು. ಇಂಥವರು ನಿಮ್ಮ ಮನೆಯಲ್ಲೂ ಇರಬಹುದು. ಅದು ನೀವೇ ಆಗಿರಬಹುದು. ಇದು ಹೇಡಿತನವಲ್ಲ, ನಾಟಕವೂ ಅಲ್ಲ.

ಅಪಾಯ ಎದುರಾದಾಗ ಮಿದುಳು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹೋರಾಡಲು ಅಥವಾ ಓಡಲು ಇದು ದೇಹದ ಸಿದ್ಧತೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ಕೆಲವರಲ್ಲಿ ಅದು ಮತ್ತೆ ಮತ್ತೆ ಬಾರಿಸುತ್ತಲೇ ಇರುತ್ತದೆ. ಈ ಆಘಾತೋತ್ತರ ಒತ್ತಡದ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಗೆ ಸೇರಿಸಿತು.

ಹೃದಯಕ್ಕೆ "ನಿಧಾನವಾಗು" ಎಂದರೆ ಅದು ಕೇಳುವುದಿಲ್ಲ. ಉಸಿರು ಕೇಳುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತವೂ ತಗ್ಗುತ್ತದೆ. ದೇಹದ ಮೂಲಕ ಮನಸ್ಸನ್ನು ಸಂತೈಸುವ ವಿಧಾನಗಳಿಗೆಲ್ಲ ಇದೊಂದು ಮುಖ್ಯ ಆಧಾರ.

2004ರ ಡಿಸೆಂಬರ್ 26ರ ಸುನಾಮಿಯಿಂದ ಅಂಡಮಾನ್ ದ್ವೀಪಗಳಲ್ಲಿ ಸಂತ್ರಸ್ತರಾದ 47 ಮಂದಿಗೆ, ಸುಮಾರು ತಿಂಗಳ ನಂತರ, ಬೆಂಗಳೂರಿನ ಯೋಗ ಸಂಶೋಧಕರು ಒಂದು ವಾರ ಸರಳ ಆಸನ, ಉಸಿರಾಟ, ವಿಶ್ರಾಂತಿ ಕಲಿಸಿದರು. ಭಯ, ಆತಂಕ, ದುಃಖ, ನಿದ್ರಾಭಂಗ ಕಡಿಮೆಯಾದವೆಂದು ಅವರೇ ಹೇಳಿಕೊಂಡರು. ಉಸಿರಾಟದ ವೇಗವೂ ಇಳಿದಿತ್ತು. ಇದು ಒಂದೇ ವಾರದ ಸಣ್ಣ ಅಧ್ಯಯನ, ನಿಜ. ಆದರೆ 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ದೀರ್ಘಕಾಲ ಈ ತೊಂದರೆಯಿಂದ ಬಳಲಿದ 64 ಮಹಿಳೆಯರನ್ನು ಎರಡು ಗುಂಪು ಮಾಡಲಾಯಿತು. 10 ವಾರಗಳ ಕೊನೆಗೆ, ಯೋಗ ಮಾಡಿದ 31 ಮಂದಿಯಲ್ಲಿ 16 ಮಂದಿ ಆ ರೋಗದ ಲಕ್ಷಣಪಟ್ಟಿಯಿಂದ ಹೊರಬಂದಿದ್ದರು. ಆರೋಗ್ಯ ಶಿಕ್ಷಣವನ್ನಷ್ಟೇ ಪಡೆದ 29 ಮಂದಿಯಲ್ಲಿ ಹಾಗೆ ಹೊರಬಂದವರು 6 ಮಂದಿ.

ಇಲ್ಲಿ ಆಸನದಷ್ಟೇ ಮುಖ್ಯವಾದದ್ದು ಆಯ್ಕೆ. ಆಘಾತದ ಗಳಿಗೆಯಲ್ಲಿ ಮನುಷ್ಯನ ಮೈ ಅವನ ಹಿಡಿತ ತಪ್ಪಿರುತ್ತದೆ. "ಕೈ ಎತ್ತಲೇ, ಬೇಡವೇ" ಎಂದು ತಾನೇ ತೀರ್ಮಾನಿಸಿದಾಗ ಆ ಹಿಡಿತ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಆದ್ದರಿಂದ ಬಲವಂತ ಸಲ್ಲದು. ಕಣ್ಣು ಮುಚ್ಚಿದರೆ ಭಯವಾಗುವವರು ತೆರೆದೇ ಇರಲಿ. ಮುಟ್ಟುವ ಮೊದಲು ಕೇಳಿ. ಅಳಿಸಿ, ಕಿರುಚಿಸಿ ಒಂದೇ ದಿನದಲ್ಲಿ ನೋವನ್ನು "ಹೊರಹಾಕುತ್ತೇವೆ" ಎನ್ನುವವರಿಂದ ದೂರವಿರಿ.

ಮನೆಯಲ್ಲೇ ಹೀಗೆ ಆರಂಭಿಸಬಹುದು. ಕುರ್ಚಿಯಲ್ಲಿ ಕುಳಿತು ಎರಡೂ ಪಾದಗಳನ್ನು ನೆಲಕ್ಕೆ ಊರಿ. ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ. ನಂತರ ಮುಷ್ಟಿ ಬಿಗಿಹಿಡಿದು, ಮೆಲ್ಲನೆ ಸಡಿಲಿಸಿ. ಐದು ನಿಮಿಷ ಸಾಕು. ಗಾಬರಿ ಹೆಚ್ಚಿದರೆ ನಿಲ್ಲಿಸಿ, ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ನೋಡಿ.

ಇದು ವೈದ್ಯರಿಗೆ ಬದಲಿಯಲ್ಲ, ಜೊತೆಗಾರ. ತಿಂಗಳು ಕಳೆದರೂ ಭಯ ಬಿಡದಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಇನ್ನು ಮನೆಯವರಿಗೊಂದು ಮಾತು: "ಮರೆತುಬಿಡು" ಎನ್ನಬೇಡಿ. "ನಾನಿದ್ದೇನೆ" ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ.