ಟೀಚರ್, ತಲೆನೋವು!

ಅಮೆರಿಕದಂತಹ ದೇಶಗಳ ಹಲವು ಶಾಲೆಗಳಲ್ಲಿ ಈ ದೂರು ಕೇಳಲು ನರ್ಸ್ ಇರುತ್ತಾರೆ. ಕುಂದಾಪುರ, ಬೈಂದೂರು ಕಡೆಯ ನಮ್ಮ ಹೆಚ್ಚಿನ ಶಾಲೆಗಳಲ್ಲಿ ಟೀಚರೇ ನರ್ಸ್. "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿ, ಒಂದು ಲೋಟ ನೀರು ಕುಡಿಸಿ, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಲಗಿಸಿದರೆ ಎಷ್ಟೋ ಸಲ ನೋವು ಅಲ್ಲಿಗೇ ಮುಗಿಯುತ್ತದೆ.

ಕೊರೋನಾ ಬಂದಾಗ ಇದೇ ಸಣ್ಣ ಮಾತು ಎಲ್ಲರನ್ನೂ ಹೆದರಿಸಿತು. ತಲೆನೋವು ಆ ರೋಗದ ಲಕ್ಷಣಗಳಲ್ಲೊಂದು, ನಿಜ. ಆದರೆ ಹಸಿವು, ನಿದ್ದೆಗೇಡು, ಕಣ್ಣಿನ ದೋಷ, ಮುಟ್ಟಿನ ದಿನಗಳು, ಇವುಗಳಿಂದಲೂ ತಲೆ ನೋಯುತ್ತದೆ. ಆನ್‌ಲೈನ್ ತರಗತಿಗೆಂದು ಗಂಟೆಗಟ್ಟಲೆ ಮೊಬೈಲ್ ನೋಡಿದ ಮಕ್ಕಳ ಪಾಡಂತೂ ಕೇಳುವುದೇ ಬೇಡ. 2020ರ ಜೂನ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾದಾಗ ಗೇಟಿನಲ್ಲೇ ಮಕ್ಕಳ ಜ್ವರ ನೋಡಿ, ಲಕ್ಷಣವಿದ್ದವರಿಗೆ ಪ್ರತ್ಯೇಕ ಕೊಠಡಿಯಲ್ಲಿ ಬರೆಯಲು ವ್ಯವಸ್ಥೆ ಮಾಡಲಾಗಿತ್ತು. ಒಳ್ಳೆಯ ಕ್ರಮವೇ. ಆದರೆ ಆ ಯಂತ್ರಕ್ಕೆ ತಲೆನೋವು ಕಾಣುವುದಿಲ್ಲ. ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿಸಿ ಕಳುಹಿಸಿದರೆ ಜ್ವರವೂ ಕಾಣುವುದಿಲ್ಲ! ಮಾತ್ರೆ ಕೊಟ್ಟಿದ್ದರೆ ಟೀಚರಿಗೆ ಹೇಳಿಬಿಡಿ.

ನೋವಿನ ಜೊತೆಗೆ ವಾಂತಿ, ಮಂಪರು, ಕುತ್ತಿಗೆ ಬಿಗಿತವಿದ್ದರೆ ಅಥವಾ ತಲೆಗೆ ಏಟು ಬಿದ್ದಿದ್ದರೆ ಸಂಜೆಯ ಬೆಲ್ ತನಕ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪದೇ ಪದೇ ಬರುವ ನೋವಿಗೆ ಕಣ್ಣು ಪರೀಕ್ಷೆಯನ್ನೂ ಮಾಡಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಶಾಲೆಗಳಿಗೆ ಬಂದು ಉಚಿತವಾಗಿ ಮಕ್ಕಳ ದೃಷ್ಟಿ ನೋಡುತ್ತದೆ. ಅವರು ಕನ್ನಡಕ ಬೇಕೆಂದರೂ, ಹೆಣ್ಣುಮಗುವಿನ ಮದುವೆಗೆ ಅಡ್ಡಿಯಾದೀತೆಂದು ಮುಂದೂಡುವ ತಾಯಂದಿರು ಇನ್ನೂ ಇದ್ದಾರೆ.