ಹೆಬ್ಬೆರಳಿಗೆ ಬೆಲೆ ಕಟ್ಟುವವರು ಯಾರು?

ಬೆಂಗಳೂರಿನ ಪೀಣ್ಯದಂಥ ಕಡೆ ಪವರ್ ಪ್ರೆಸ್ ಮೇಲೆ ದುಡಿಯುವವರಲ್ಲಿ ಬೆರಳು ಕಳೆದುಕೊಂಡವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಸುವ ಸ್ವಿಚ್, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸೆನ್ಸರ್ ಎಂದೋ ಬಂದಿವೆ. ಕೆಲಸ ನಿಧಾನವಾಗುತ್ತದೆಂದು ಅವನ್ನು ಬಿಚ್ಚಿಟ್ಟ ಕಡೆ ಬೆರಳುಗಳು ಹೋಗುತ್ತಲೇ ಇವೆ.

ಗಾಯಕ್ಕಿಂತ ಹೆಚ್ಚು ನೋಯಿಸುವುದು ಆಮೇಲಿನ ಮಾತು. 'ನೀನೇ ಹುಷಾರಾಗಿರಬೇಕಿತ್ತು' ಎಂದು ಸೂಪರ್‌ವೈಸರ್ ಹೇಳುತ್ತಾರೆ. ಬ್ಯಾಂಡೇಜ್ ಒಣಗುವ ಮೊದಲೇ ಒಂದಿಷ್ಟು ದುಡ್ಡು, ಜೊತೆಗೊಂದು ಕಾಗದ ಬರುತ್ತದೆ: ಇನ್ನು ಮುಂದೆ ಏನೂ ಕೇಳುವುದಿಲ್ಲ, ಸಹಿ ಹಾಕು. ಅದು ಮಾಲೀಕರ ದೊಡ್ಡತನವೆಂದೇ ಮನೆಯವರೂ ನಂಬುತ್ತಾರೆ.

ಕಾನೂನು ಹೇಳುವುದು ಬೇರೆ. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದು ಎಂದು 1923ರ ಕಾಯ್ದೆಯೇ ವಿಧಿಸಿತ್ತು. ಕಾರ್ಮಿಕ ಎಚ್ಚರ ತಪ್ಪಿದ ಎಂಬ ಒಂದೇ ಕಾರಣಕ್ಕೆ ಆ ಹೊಣೆ ಹೋಗುವುದಿಲ್ಲ. ಕುಡಿದಿದ್ದ, ಬೇಕೆಂದೇ ಸುರಕ್ಷಾ ಸಾಧನ ಕಿತ್ತಿದ್ದ ಎಂಬಂಥ ಕೆಲವು ವಿನಾಯಿತಿಗಳುಂಟು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದಲ್ಲಿ ಅವೂ ನಡೆಯುವುದಿಲ್ಲ. ಹಕ್ಕು ಬಿಟ್ಟುಕೊಡುತ್ತೇನೆಂದು ಬರೆಸಿಕೊಂಡ ಕಾಗದ ಅಸಿಂಧು. ಕಾರ್ಮಿಕ ಸತ್ತಾಗ ಪರಿಹಾರವನ್ನು ಕಾನೂನು ಗೊತ್ತುಮಾಡಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಕುಟುಂಬದ ಕೈಗೆ ನೇರ ಕೊಟ್ಟದ್ದು ಪರಿಹಾರ ಅನ್ನಿಸಿಕೊಳ್ಳದು. ಗುತ್ತಿಗೆದಾರನ ಕಡೆಯ ಆಳು ಎಂದು ಕೈತೊಳೆದುಕೊಳ್ಳಲೂ ಆಗದು, ಮುಖ್ಯ ಮಾಲೀಕರನ್ನೇ ಕೇಳಬಹುದು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ತಿರುಳು ಬದಲಾಗಿಲ್ಲ.

ಲೆಕ್ಕ ನೋಡಿ. 30 ವರ್ಷದವನ ತಿಂಗಳ ಸಂಬಳ 18,000 ರೂಪಾಯಿ ಎನ್ನೋಣ. 2020ರ ಜನವರಿಯಲ್ಲಿ ನಿಗದಿಯಾದ ಮಿತಿಯಂತೆ 15,000ವನ್ನಷ್ಟೇ ಹಿಡಿಯುತ್ತಾರೆ. ಅದರ ಶೇ 60 ಅಂದರೆ 9,000. ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿದರೆ 18,71,820, ಇದು ಪೂರ್ಣ ಅಂಗವೈಕಲ್ಯದ ಪರಿಹಾರ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿ ಶೇ 30 ಕುಂದಿತೆಂದು ಕಾನೂನಿನ ಪಟ್ಟಿ ಹೇಳುತ್ತದೆ. ಅಂದರೆ 5,61,546 ರೂಪಾಯಿ. ಆಸ್ಪತ್ರೆಯ ಮಂಚದ ಬಳಿ ಸಹಿಗೆ ಬದಲು ಸಿಕ್ಕ ದುಡ್ಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಪಟ್ಟಿಯೇ ಕೊನೆಯ ಮಾತಲ್ಲ. 1968ರಲ್ಲಿ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬರು ಬಿದ್ದು ಎಡಗೈ ಕಳೆದುಕೊಂಡರು. ಒಂದು ಕೈ ಉಳಿದಿದೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ಇದು ಪೂರ್ಣ ಅಂಗವೈಕಲ್ಯ ಎಂದಿತು. ಅಪಘಾತವಾದ ದಿನದಿಂದಲೇ ಪರಿಹಾರ ಬಾಕಿ ಎಂದೂ ಹೇಳಿತು. ನನ್ನ ಮಟ್ಟಿಗೆ ಈ ಇಡೀ ಕಾನೂನಿನಲ್ಲಿ ಇದಕ್ಕಿಂತ ಮಾನವೀಯವಾದ ಮಾತಿಲ್ಲ. ಮನುಷ್ಯನನ್ನು ಅಂಗಗಳಾಗಿ ತೂಗದೆ, ಅವನು ಬಲ್ಲ ಕಸುಬಿನಿಂದ ಅಳೆದ ತೀರ್ಪು ಅದು. 2025ರ ಜುಲೈನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನಸುಕಿನ ಪಾಳಿಗೆ ಹೊರಟು ದಾರಿಯಲ್ಲೇ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಕುಟುಂಬಕ್ಕೆ ಪರಿಹಾರ ಸಲ್ಲುತ್ತದೆ ಎಂದಿತು.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರ ದಾರಿ ಬೇರೆ. ಅವರು ಈ ಪರಿಹಾರಕ್ಕಾಗಿ ಮಾಲೀಕರ ಮೇಲೆ ದಾವೆ ಹೂಡುವಂತಿಲ್ಲ, ಚಿಕಿತ್ಸೆಯೂ ಪಿಂಚಣಿಯೂ ಇಎಸ್‌ಐ ನಿಗಮದಿಂದ ಬರಬೇಕು. ಮಾಲೀಕರು ವಂತಿಗೆ ಕಟ್ಟಿರಲಿಲ್ಲವೆಂಬುದು ಕಾರ್ಮಿಕನ ತಪ್ಪಾಗದು. ನಿಗಮ ಸೌಲಭ್ಯ ಕೊಟ್ಟು ಮಾಲೀಕರಿಂದ ವಸೂಲಿ ಮಾಡಬಹುದು.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಿಗಾದರೂ ಕೆಲಸದ ಜಾಗದಲ್ಲಿ ಪೆಟ್ಟಾದರೆ ಅಪಘಾತದ ವಿವರವನ್ನು ಮಾಲೀಕರಿಗೆ ಬರವಣಿಗೆಯಲ್ಲಿ ಕೊಡಿಸಿ. ಆಸ್ಪತ್ರೆ ಚೀಟಿ, ಹಾಜರಿ, ಸಂಬಳದ ದಾಖಲೆ ಇಟ್ಟುಕೊಳ್ಳಲು ಹೇಳಿ. ಅರ್ಜಿಗೆ ಕಾಲಮಿತಿ ಇದೆ, ತಡಮಾಡದೆ ಕಾರ್ಮಿಕ ಇಲಾಖೆಯ ಕಚೇರಿಗೋ ಕಾನೂನು ಸೇವಾ ಪ್ರಾಧಿಕಾರಕ್ಕೋ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಲು ಬಿಡಬೇಡಿ.